ವೇಲ್ಸಿನ ತೆರಿಗೆ ಚೀಟಿ ಮತ್ತು 'ಯಾರೂ ಕೇಳಲ್ಲ ಸಾರ್'

ಮಾನ್ಯ ಸಂಪಾದಕರೆ,

ರಾಜ್ಯೋತ್ಸವದ ವಾರ ತಮ್ಮ ಓದುಗರ ಅಂಕಣದಲ್ಲಿ ಒಬ್ಬರು ಬರೆದಿದ್ದರು: ಬ್ರಿಟನ್ನಿನ ವೇಲ್ಸ್ ಎಂಬ ಅಂಗೈಯಗಲದ ನಾಡು ಒಂದು ಕಾಯ್ದೆ ಮಾಡಿ ತನ್ನ ವೆಲ್ಷ್ ನುಡಿ ಉಳಿಸಿಕೊಂಡಿತು, ನಮ್ಮವರಿಗೇನು ಧಾಡಿ ಅಂತ. ಧಾಡಿಯ ಮಾತಿಗೆ ನನ್ನ ತಕರಾರಿಲ್ಲ. ಆದರೆ ವೇಲ್ಸಿನವರು ಕಾಯ್ದೆ ಮಾಡಿ ಭಾಷೆ ಉಳಿಸಿಕೊಂಡರು ಎನ್ನುವುದು ಅರ್ಧ ನಿಜ. ಉಳಿದರ್ಧ ಹೇಳೋಣ ಅಂತ ಈ ಪತ್ರ. ಉದ್ದವಾಗುತ್ತದೆ, ಕ್ಷಮಿಸಿ. ಕಂದಾಯ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಟಿಪ್ಪಣಿ ಬರೆದ ಕೈ ಇದು.

ನನ್ನ ಮಗಳು ವೇಲ್ಸಿನ ವಾಯವ್ಯ ಮೂಲೆಯ ಒಂದು ಆಸ್ಪತ್ರೆಯಲ್ಲಿ ನರ್ಸು. ಬಾಡಿಗೆ ಮನೆ ಕೈರ್ನಾರ್ವನ್ ಎಂಬ ಊರಲ್ಲಿ. ಈ ವರ್ಷ ಮಾರ್ಚ್ ನಡುವಿನಿಂದ ವೀಸಾದ ಆರು ತಿಂಗಳು ಮುಗಿಯುವತನಕ ಅಲ್ಲಿದ್ದೆ. ಆ ಊರಿಗೆ ಪ್ರವಾಸಿಗರು ಬರುವುದು ಕೋಟೆ ನೋಡಲಿಕ್ಕೆ. 1283ರಲ್ಲಿ ವೇಲ್ಸನ್ನು ಗೆದ್ದ ಇಂಗ್ಲೆಂಡಿನ ಒಂದನೇ ಎಡ್ವರ್ಡ್ ಕಟ್ಟಿಸಲು ಹಿಡಿದ ಕೋಟೆ, ಸಮುದ್ರದ ದಡದಲ್ಲಿ, ಚೆಂದವೇ ಇದೆ. ನನಗೆ ಮಾತ್ರ ಎಲ್ಲಿ ಹೋದರೂ ಕೋಟೆಗಿಂತ ಮೊದಲು ಅರ್ಜಿ ನಮೂನೆ, ರಸೀದಿ, ನೋಟಿಸ್ ಬೋರ್ಡು ಕಣ್ಣಿಗೆ ಬೀಳುತ್ತವೆ. ನಿವೃತ್ತಿಯಾದರೂ ಈ ಕಾಯಿಲೆ ಹೋಗಿಲ್ಲ.

ಹೋದ ಎರಡನೇ ವಾರ ಬಾಗಿಲ ಕಿಂಡಿಯಿಂದ ಒಂದು ಲಕೋಟೆ ಒಳಗೆ ಬಿತ್ತು. ಕೌನ್ಸಿಲ್ ಎಂಬ ಅಲ್ಲಿನ ಸ್ಥಳೀಯ ಆಡಳಿತದ ತೆರಿಗೆ ಚೀಟಿ, ನಮ್ಮ ಮನೆ ಕಂದಾಯ ಇದ್ದ ಹಾಗೆ. ಮಗಳು ಡ್ಯೂಟಿಗೆ ಹೋಗಿದ್ದಳು, ನಾನೇ ಒಡೆದೆ. ಮೊದಲ ಪುಟದಲ್ಲಿ ಅಂಕಿಗಳು ಬಿಟ್ಟರೆ ಒಂದು ಪದ ಅರ್ಥವಾಗಲಿಲ್ಲ, ಎಲ್ಲ ವೆಲ್ಷ್. ಮೇಲೆ ದಪ್ಪಕ್ಷರದಲ್ಲಿ ಇದ್ದದ್ದನ್ನು 'ಟ್ರೆತ್ ಅ ಕಂಗೋರ್' ಎಂದು ಓದಬೇಕಂತೆ, ಕೌನ್ಸಿಲ್ ತೆರಿಗೆ ಎಂದರ್ಥ, ಆಮೇಲೆ ತಿಳಿಯಿತು. ಗಾಬರಿಯಾಗಿ ತಿರುಗಿಸಿದರೆ ಹಿಂಬದಿಯಲ್ಲಿ ಇಂಗ್ಲಿಷ್. ಹಿಂಬದಿಯಲ್ಲಿ! ಇಂಗ್ಲೆಂಡಿನ ಮಗ್ಗುಲಲ್ಲೇ ಇರುವ ನಾಡಿನಲ್ಲಿ, ಇಂಗ್ಲಿಷ್ ಬಾರದವರು ಹುಡುಕಿದರೂ ಸಿಗದ ಕಡೆ, ಸರ್ಕಾರಿ ಕಾಗದದಲ್ಲಿ ಇಂಗ್ಲಿಷಿಗೆ ಬೆನ್ನಿನ ಪುಟ. ಕಡತ ನೋಡಿದವನಿಗೆ ಯಾವುದು ಮೇಲೆ ಯಾವುದು ಅಡಿ ಎಂಬುದು ಸಣ್ಣ ವಿಷಯವಲ್ಲ. ಆ ಕಾಗದವನ್ನು ಕೈಯಲ್ಲಿ ಹಿಡಿದು ಅಡುಗೆಮನೆಯಲ್ಲಿ ಬಹಳ ಹೊತ್ತು ನಿಂತಿದ್ದೆ, ಚಹಾ ಆರಿಹೋಯಿತು.

ಈ ತೆರಿಗೆ ಚೀಟಿಗೆ ಒಂದು ಕತೆ ಇದೆ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಹೇಳಿದರು, ಆಮೇಲೆ ಲೈಬ್ರರಿಯಲ್ಲಿ ಕೂತು ಓದಿದೆ. ದಕ್ಷಿಣ ವೇಲ್ಸಿನಲ್ಲಿ ಲನೆತ್ಲಿ ಪಟ್ಟಣದ ಹತ್ತಿರ ಲಂಗೆನೆಖ್ ಎಂಬ ಹಳ್ಳಿ. 1952ರಲ್ಲಿ ಟ್ರೆವರ್ ಬೀಸ್ಲಿ, ಐಲೀನ್ ಬೀಸ್ಲಿ ಎಂಬ ಗಂಡಹೆಂಡತಿ ಅಲ್ಲಿ ಮನೆ ಮಾಡಿದರು. ಗಂಡ ಕಲ್ಲಿದ್ದಲು ಗಣಿಯ ಕೆಲಸಗಾರ, ಹೆಂಡತಿ ಟೀಚರಾಗಿದ್ದವರು. ಮನೆ ತೆರಿಗೆಯ ಡಿಮ್ಯಾಂಡ್ ನೋಟಿಸು ಇಂಗ್ಲಿಷಿನಲ್ಲಿ ಬಂತು. ವೆಲ್ಷ್‌ನಲ್ಲಿ ಕಳಿಸಿ, ಕಟ್ಟುತ್ತೇವೆ ಅಂದರು. ಅಷ್ಟೇ ಬೇಡಿಕೆ. ತಮಾಷೆ ಏನೆಂದರೆ ಆ ಭಾಗದ ಜನ ವೆಲ್ಷ್ ಆಡುವವರು, ಕೌನ್ಸಿಲ್ಲಿನ ಸದಸ್ಯರೂ ವೆಲ್ಷ್ ಆಡುವವರು, ನೋಟಿಸು ಕಳಿಸಿದ ನೌಕರರೂ ಅದೇ ಭಾಷೆಯವರು. ಆದರೂ ಆಗಲಿಲ್ಲ. ಹನ್ನೆರಡಕ್ಕೂ ಹೆಚ್ಚು ಸಲ ಕೋರ್ಟಿಗೆ ಕರೆಸಿದರು. ಅಮೀನರು ಮತ್ತೆ ಮತ್ತೆ ಬಂದು ಮನೆಯ ಸಾಮಾನು ಹೊತ್ತುಕೊಂಡು ಹೋದರು. ಕುರ್ಚಿ ಮೇಜು ಹೋಯಿತು, ನೆಲದ ಹಾಸು ಹೋಯಿತು, ಪಿಯಾನೊ ಹೋಯಿತು. ಗಣಿ ಕಾರ್ಮಿಕನ ಮನೆಯಲ್ಲಿ ಪಿಯಾನೊ ಅಂದರೆ ಎಷ್ಟು ವರ್ಷದ ಉಳಿತಾಯವೋ. ಎಂಟು ವರ್ಷ ಹೀಗೆ ನಡೆದು 1960ರಲ್ಲಿ ಎರಡೂ ಭಾಷೆಯ ನೋಟಿಸು ಬಂತು. ಅವರು ತೆರಿಗೆ ಕಟ್ಟಿದರು.

ಜಪ್ತಿ ಎಂದರೇನು ಅಂತ ನನಗೆ ಗೊತ್ತು. ಭೂಕಂದಾಯದ ಬಾಕಿಗೆ ಪಾತ್ರೆಪಗಡಿ ಪಟ್ಟಿ ಮಾಡಲು ನಾನೂ ಒಂದೆರಡು ಮನೆ ಮೆಟ್ಟಿಲು ಹತ್ತಿದವನೇ. ಹೆಂಗಸರು ಬಾಗಿಲ ಸಂದಿಯಲ್ಲಿ ನಿಂತು ನೋಡುವ ರೀತಿ ಮರೆಯುವಂಥದ್ದಲ್ಲ. ಆದರೆ ನಾನು ಹೋದ ಮನೆಯವರ ಹತ್ತಿರ ದುಡ್ಡಿರಲಿಲ್ಲ. ಈ ದಂಪತಿ ದುಡ್ಡು ಕೈಯಲ್ಲಿ ಹಿಡಿದುಕೊಂಡೇ, ಕಾಗದ ಸರಿಯಿಲ್ಲ ಎಂದು ಬಾಗಿಲು ತೆರೆದು ನಿಂತವರು.

ಇದರ ಹಿಂದಿನ ಇತಿಹಾಸ ಉದ್ದ, ಚುಟುಕಾಗಿ ಹೇಳುತ್ತೇನೆ. 1536ರಲ್ಲಿ ಎಂಟನೇ ಹೆನ್ರಿಯ ಕಾಲದ ಕಾಯ್ದೆ ವೇಲ್ಸನ್ನು ಇಂಗ್ಲೆಂಡಿನೊಳಗೆ ಸೇರಿಸಿತು. ಕೋರ್ಟಿನ ಕಲಾಪ ಇಂಗ್ಲಿಷಿನಲ್ಲೇ ನಡೆಯಬೇಕು, ಇಂಗ್ಲಿಷ್ ಬಳಸದವನಿಗೆ ಸರ್ಕಾರಿ ಹುದ್ದೆ ಇಲ್ಲ ಎಂದಿತು. ಕಚೇರಿ ಬಾಗಿಲು ಹಾಕಿಕೊಂಡಿತು, ಆದರೆ ಚರ್ಚಿನ ಬಾಗಿಲು ತೆರೆಯಿತು. 1588ರಲ್ಲಿ ವಿಲಿಯಂ ಮಾರ್ಗನ್ ಪೂರ್ತಿ ಬೈಬಲ್ಲನ್ನು ವೆಲ್ಷ್‌ಗೆ ತಂದರು, ಭಾಷೆ ಅಲ್ಲಿ ಉಸಿರಾಡಿಕೊಂಡಿತ್ತು. 19ನೇ ಶತಮಾನದಲ್ಲಿ ಅನೇಕ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ಕಟ್ಟುತ್ತಿದ್ದರು. ಆ ಮಗು ಇನ್ನೊಬ್ಬ ವೆಲ್ಷ್ ಆಡುವುದನ್ನು ಹಿಡಿದುಕೊಟ್ಟರೆ ತುಂಡು ಅವನ ಕೊರಳಿಗೆ ದಾಟುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿ ಉಳಿಯಿತೋ ಅವನಿಗೆ ಪೆಟ್ಟು. ಅದನ್ನು ಮ್ಯೂಸಿಯಮ್ಮುಗಳಲ್ಲಿ ಇಟ್ಟಿದ್ದಾರೆ. ನೋಡಲು ನಮ್ಮ ದನದ ಕೊರಳಿಗೆ ಕಟ್ಟುವ ಕುಂಟೆಯ ತಮ್ಮನ ಹಾಗಿದೆ.

ಬೀಸ್ಲಿ ದಂಪತಿಯ ಹಠ ಅವರ ಹಳ್ಳಿಯಲ್ಲೇ ಮುಗಿಯಬಹುದಿತ್ತು. ಮುಗಿಯಲಿಲ್ಲ. 1962ರ ಫೆಬ್ರುವರಿಯಲ್ಲಿ ಸಾಂಡರ್ಸ್ ಲೂಯಿಸ್ ಎಂಬ ಹಿರಿಯ ಸಾಹಿತಿ ರೇಡಿಯೊ ಭಾಷಣದಲ್ಲಿ ಇವರ ಕತೆ ಹೇಳಿ, ವೆಲ್ಷ್ ಇಲ್ಲದೆ ಕಚೇರಿ ಕೆಲಸ ನಡೆಸುವುದೇ ಅಸಾಧ್ಯವಾಗುವಂತೆ ಮಾಡಿ ಎಂದು ಕರೆ ಕೊಟ್ಟರು. ಅದೇ ವರ್ಷ ಭಾಷಾ ಸಂಘಟನೆ ಹುಟ್ಟಿತು. ಅದರ ಮೊದಲ ಪ್ರತಿಭಟನೆಗೆ ಕಾರಣವಾದ ಕೇಸು ಯಾವುದು ಗೊತ್ತೇ? ಸೈಕಲ್ ಡಬಲ್ ರೈಡಿಂಗ್! ಗಾರೆತ್ ಮೈಲ್ಸ್ ಎಂಬ ಯುವಕ ಅಬರಿಸ್ಟ್ವಿತ್ ಪಟ್ಟಣದಲ್ಲಿ ಇನ್ನೊಬ್ಬರನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೋಗಿ ಪೊಲೀಸರ ಕೈಗೆ ಸಿಕ್ಕಿಬಿದ್ದ. ಸಮನ್ಸು ಇಂಗ್ಲಿಷಿನಲ್ಲಿದೆ ಎಂದು ಅದನ್ನು ತಳ್ಳಿಹಾಕಿ ಒಂದು ರಾತ್ರಿ ಲಾಕಪ್ಪಿನಲ್ಲಿ ಕಳೆದ. 1963ರ ಫೆಬ್ರುವರಿ 2ರಂದು, ಹಿಮ ಬಿದ್ದ ಚಳಿಯಲ್ಲಿ, ಕಾಲೇಜು ಹುಡುಗ ಹುಡುಗಿಯರು ಬೇಕೆಂದೇ ಸಮನ್ಸು ಪಡೆಯಲು ಹೊರಟು ಪೋಸ್ಟಾಫೀಸಿನ ಗೋಡೆಗೆ ಭಿತ್ತಿಪತ್ರ ಅಂಟಿಸಿದರು. ಪೊಲೀಸರು ಬುದ್ಧಿವಂತರು, ಯಾರನ್ನೂ ಹಿಡಿಯಲಿಲ್ಲ. ಆಗ ಟ್ರೆವೆಖಾನ್ ಸೇತುವೆಗೆ ಹೋಗಿ ರಸ್ತೆಯ ಮಧ್ಯೆ ಕೂತರು.

ಅದೇ 1963ರಲ್ಲಿ ನಮ್ಮ ರಾಜ್ಯದ ಆಡಳಿತ ಭಾಷಾ ಕಾಯ್ದೆ ಬಂತು. ನಮಗೆ ಕಾಯ್ದೆ ಮೊದಲು ಬಂತು, ಅವರಿಗೆ ಸೇತುವೆ ಮೊದಲು. ಅಲ್ಲಿ 1967ರಲ್ಲಿ ಒಂದು ಕಾಯ್ದೆ, 1993ರಲ್ಲಿ ಇನ್ನೊಂದು, ಕೊನೆಗೆ 2011ರಲ್ಲಿ ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟ ಕಾನೂನು. ಒಬ್ಬೊಬ್ಬರೂ ಒಂದೊಂದು ಚೀಟಿ ಕೇಳಿ ಕೇಳಿ ಜೈಲಿಗೆ ಹೋಗಿ ಬಂದ ಮೇಲೆ ಇವೆಲ್ಲ ಬಂದವು. ಓದುಗ ಮಿತ್ರರು ಬಿಟ್ಟುಬಿಟ್ಟ ಅರ್ಧ ಇದು.

2011ರ ಕಾನೂನಿನಲ್ಲಿ ನನಗೆ ಹಿಡಿಸಿದ್ದು ಅದರ ಘೋಷಣೆಗಿಂತ ಅದರ ಕೆಳಗಿನ ಕಟ್ಟಳೆಗಳು. ಒಬ್ಬ ಭಾಷಾ ಆಯುಕ್ತರಿದ್ದಾರೆ. ಕೌನ್ಸಿಲ್ಲುಗಳು, ಸರ್ಕಾರ ಏನೇನು ಮಾಡಬೇಕು ಎಂಬುದನ್ನು 2016ರಿಂದ ಕಟ್ಟಳೆಯಾಗಿ ಹೊರಿಸಿದ್ದಾರೆ. ವೆಲ್ಷ್‌ನಲ್ಲಿ ಬರೆದವನಿಗೆ ವೆಲ್ಷ್‌ನಲ್ಲೇ ಉತ್ತರ. ಫೋನ್ ಎತ್ತಿದಾಗ ಮೊದಲ ಮಾತು ವೆಲ್ಷ್‌ನಲ್ಲಿ. ಹೊಸ ಬೋರ್ಡು ಹಾಕಿದರೆ ಮೊದಲು ಓದಲು ಸಿಗುವುದು ವೆಲ್ಷ್. ತಪ್ಪಿದರೆ ದೂರು, ವಿಚಾರಣೆ, 5,000 ಪೌಂಡಿನವರೆಗೆ ದಂಡ. ನಾವಿದ್ದ ಗ್ವಿನೆದ್ ಜಿಲ್ಲೆಯ ಕೌನ್ಸಿಲ್ಲಂತೂ ಕಾನೂನಿಗೂ ಮುಂದೆ ಹೋಗಿದೆ. ಅಲ್ಲಿ ಒಳಗಿನ ಆಡಳಿತವೇ ವೆಲ್ಷ್‌ನಲ್ಲಿ. ಹೊರಗೆ ಹೋಗುವ ಪತ್ರ ಒಂದು ಭಾಷೆ, ಒಳಗಿನ ಟಿಪ್ಪಣಿ ಇನ್ನೊಂದು ಭಾಷೆ ಎಂಬ ನಮ್ಮ ಹಳೇ ನಾಟಕ ಅಲ್ಲಿಲ್ಲ.

ಏಪ್ರಿಲ್‌ನಲ್ಲಿ ಲೈಬ್ರರಿ ಕಾರ್ಡು ಮಾಡಿಸಲು ಹೋದೆ. ಕೌಂಟರಿನ ಹೆಂಗಸಿನ ಎದೆಯ ಮೇಲೆ ಕಿತ್ತಳೆ ಬಣ್ಣದ ಬ್ಯಾಡ್ಜು, ವ್ಯಂಗ್ಯಚಿತ್ರಗಳಲ್ಲಿ ಮಾತು ಬರೆಯುವ ಗುಳ್ಳೆಯ ಆಕಾರದ್ದು. ವೆಲ್ಷ್‌ನಲ್ಲಿ ಮಾತಾಡಬಲ್ಲೆ ಎಂಬ ಗುರುತು. ನನ್ನ ಬಣ್ಣ, ಮಂಕಿ ಕ್ಯಾಪು, ಮಗಳ ಹಳೇ ಜಾಕೀಟು ಇವನ್ನೆಲ್ಲ ನೋಡಿಯೂ ಆಕೆ ಶುರು ಮಾಡಿದ್ದು 'ಬೊರೆ ದಾ' ಅಂತ. ಶುಭೋದಯ ಎಂದರ್ಥ. ಅಷ್ಟು ನನಗೂ ಬರುತ್ತಿತ್ತು, ತಿರುಗಿ ಅದನ್ನೇ ಅಂದೆ. ಕಟ್ಟೆ ಒಡೆದ ಹಾಗೆ ವೆಲ್ಷ್ ಸುರಿಯಿತು. ನಾನು ಕೈ ಎತ್ತಿ 'ದಸ್ಗುರ್, ದಸ್ಗುರ್' ಅಂದೆ, ಕಲಿಯುವವನು ಅಂತ. ಆಕೆ ನಕ್ಕು, ಬೇಸರವಿಲ್ಲದೆ ಇಂಗ್ಲಿಷಿಗೆ ಬಂದರು. ಅರ್ಧ ನಿಮಿಷದ ವ್ಯವಹಾರ. ಆದರೆ ಗಮನಿಸಿ, ಬೇಡ ಎನ್ನುವ ಕೆಲಸ ನನ್ನದಾಗಿತ್ತು. ಬೇಕು ಎಂದು ಕೇಳುವ ಕೆಲಸ ಯಾರಿಗೂ ಇರಲಿಲ್ಲ.

ಇದನ್ನು ಅಲ್ಲಿ 'ಆಕ್ಟಿವ್ ಆಫರ್' ಅನ್ನುತ್ತಾರೆ. ಆಸ್ಪತ್ರೆಗಳಲ್ಲಿ ಇದಕ್ಕೆ ಹೆಚ್ಚು ಒತ್ತು. ರೋಗಿ ಕೇಳಲಿ, ಕೊಡೋಣ ಅಂತ ಕೂರಬಾರದು, ಕಚೇರಿಯೇ ಮುಂದಾಗಿ ನೀಡಬೇಕು. ಬರಹದಲ್ಲಿ ಸುಲಭವಾಗಿದೆ. ಎಲ್ಲಾ ವಾರ್ಡಿನಲ್ಲೂ ಎಲ್ಲಾ ಪಾಳಿಯಲ್ಲೂ ವೆಲ್ಷ್ ಬಲ್ಲ ನರ್ಸು ಇರುವುದಿಲ್ಲ ಎಂದು ಮಗಳೇ ಹೇಳುತ್ತಾಳೆ.

ಈಗ ನನ್ನ ತಪ್ಪೊಪ್ಪಿಗೆ. ಕಚೇರಿಗಳಿಗೆ ಕಂಪ್ಯೂಟರ್ ಬಂದ ಹೊಸತು. ನಾನಿದ್ದ ಕಚೇರಿಯಲ್ಲಿ ಅರ್ಜಿ ಕೊಟ್ಟವರಿಗೆ ಸ್ವೀಕೃತಿ ಚೀಟಿ ಮುದ್ರಿಸಿ ಕೊಡುತ್ತಿದ್ದೆವು. ತಾನಾಗಿ ಬರುತ್ತಿದ್ದದ್ದು ಇಂಗ್ಲಿಷ್ ಚೀಟಿ. ಕನ್ನಡದ್ದು ಬೇಕಾದರೆ ಇನ್ನೊಂದು ಗುಂಡಿ ಒತ್ತಬೇಕಿತ್ತು, ಆಮೇಲೆ ಒಂದರ್ಧ ನಿಮಿಷ ಕಾಯಬೇಕಿತ್ತು. ಕೇಳಿದವರಿಗೆ ಒತ್ತುತ್ತಿದ್ದೆ, ಸುಳ್ಳು ಹೇಳುವುದಿಲ್ಲ. ಹೊರಗೆ ಸಾಲು ಜಗಲಿಯವರೆಗೆ ಇರುತ್ತಿತ್ತು. ಕೇಳುತ್ತಿದ್ದವರು ವರ್ಷಕ್ಕೆ ಇಬ್ಬರೋ ಮೂವರೋ, ಅದೂ ಸಾಹಿತ್ಯ ಪರಿಷತ್ತಿನ ಓಡಾಟ ಇದ್ದವರು. ಒಮ್ಮೆ ಹಿನ್ನೀರಿನಾಚೆಯಿಂದ ಲಾಂಚು ದಾಟಿ ಬಂದ ಮುದುಕಿಯೊಬ್ಬಳು ಚೀಟಿ ಹಿಡಿದು, 'ಇದರಲ್ಲಿ ನನ್ನ ಹೆಸರು ಎಲ್ಲಿದೆ ಮಗಾ?' ಅಂತ ಕೇಳಿದಳು. ಬೆರಳಿಟ್ಟು ತೋರಿಸಿದೆ. ಇಂಗ್ಲಿಷಿನ ಆ ಅಕ್ಷರಗಳನ್ನು ಆಕೆ ಹೆಬ್ಬೆರಳಿನಿಂದ ಮೆಲ್ಲಗೆ ಸವರಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೋದಳು. ಕನ್ನಡದ ಗುಂಡಿ ನನ್ನ ಬಲಗೈ ಹತ್ತಿರವೇ ಇತ್ತು. ಆಕೆ ಕೇಳಲಿಲ್ಲ, ನಾನು ಒತ್ತಲಿಲ್ಲ.

ಮೇಲಿನಿಂದ ಪರಿಶೀಲನೆಗೆ ಬಂದವರು ಕನ್ನಡ ಚೀಟಿ ಎಷ್ಟು ಹೋಗುತ್ತಿದೆ ಎಂದು ಕೇಳಿದಾಗ ನಾನು ಕೊಟ್ಟ ಉತ್ತರ: 'ಯಾರೂ ಕೇಳಲ್ಲ ಸಾರ್.' ಅದು ವರದಿಯಲ್ಲೂ ಸೇರಿತು, ಸಭ್ಯ ಭಾಷೆಯಲ್ಲಿ, 'ಸಾರ್ವಜನಿಕರಿಂದ ಬೇಡಿಕೆ ಇರುವುದಿಲ್ಲ' ಎಂದು.

ಇಂಥ ವರದಿ ಅಲ್ಲೂ ಬರೆಯುತ್ತಾರೆ. 2011ರ ಕಾನೂನಿನ ಕಟ್ಟಳೆಗಳು ಬ್ಯಾಂಕು, ಅಂಗಡಿಗಳಿಗೆ ಅನ್ವಯಿಸುವುದಿಲ್ಲ. 2024ರ ಆರಂಭದಲ್ಲಿ ಒಂದು ದೊಡ್ಡ ಬ್ಯಾಂಕು ತನ್ನ ವೆಲ್ಷ್ ಫೋನ್ ಸೇವೆ ನಿಲ್ಲಿಸಿತು. ಕೊಟ್ಟ ಕಾರಣ, ಕರೆಗಳು ತೀರಾ ಕಡಿಮೆ, ಆ ಗ್ರಾಹಕರಿಗೆಲ್ಲ ಇಂಗ್ಲಿಷ್ ಬರುತ್ತದೆ. ಓದಿದಾಗ ನನ್ನ ಅಕ್ಷರವೇ ಎದುರಿಗೆ ಬಂದ ಹಾಗಾಯಿತು. ನಾಲ್ಕು ನೂರು ವರ್ಷ ಕಚೇರಿಯಲ್ಲಿ ಇಂಗ್ಲಿಷೇ ಎಂದು ಕಲಿಸಿಟ್ಟ ಜನರಿಗೆ, ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ ಎಂದರೆ ಕೈ ಎಲ್ಲಿಗೆ ಹೋಗುತ್ತದೆ? ಪಕ್ಕದ ಮನೆಯ ಮೇಷ್ಟರು ಮನೆಯಲ್ಲಿ, ಚರ್ಚಿನಲ್ಲಿ, ಪಬ್ಬಿನಲ್ಲಿ ಎಲ್ಲ ವೆಲ್ಷ್. ಆದರೆ ಪಿಂಚಣಿಯ ಅರ್ಜಿ ತುಂಬುವಾಗ ಇಂಗ್ಲಿಷ್ ನಮೂನೆಯೇ ಬೇಕಂತೆ. 'ಅದರ ವೆಲ್ಷ್ ಪದಗಳು ನನಗೆ ಗೊತ್ತಿಲ್ಲ, ಹುಡುಗಾಗಿದ್ದಾಗ ಯಾರೂ ಕೊಟ್ಟಿರಲಿಲ್ಲ' ಅಂದರು. ನಮ್ಮಲ್ಲಿ ಡೆತ್ ಸರ್ಟಿಫಿಕೇಟ್ ಎನ್ನುವ ಬಾಯಿಗೆ ಮರಣ ಪ್ರಮಾಣಪತ್ರ ಹೇಗೆ ತೊಡರುತ್ತದೋ ಹಾಗೆ.

ಎಲ್ಲರಿಗೂ ಇಂಗ್ಲಿಷ್ ಬರುತ್ತದೆ, ಮತ್ತೇಕೆ ಈ ಖರ್ಚು ಎನ್ನುವವರು ಅಲ್ಲಿಯೂ ಬೇಕಾದಷ್ಟಿದ್ದಾರೆ. ಬಸ್ ಸ್ಟಾಪಿನಲ್ಲಿ ಒಬ್ಬ ಮಹಾಶಯರು ನನಗೇ ಹೇಳಿದರು, ಕಾಗದ ದಂಡ ಅಂತ. ಆ ಮಾತಿಗೆ ಮಗಳ ವಾರ್ಡಿನಲ್ಲಿ ಒಂದು ಉತ್ತರವಿದೆ.

ಬೆಟ್ಟದ ಕಡೆಯ ಕುರಿ ಸಾಕುವ ಅಜ್ಜ, ತೊಂಬತ್ತರ ಹತ್ತಿರ, ಮರೆವಿನ ಕಾಯಿಲೆ. ಅಂಥವರಲ್ಲಿ ಕೆಲವರಿಗೆ ಆಮೇಲೆ ಕಲಿತ ಭಾಷೆ ಮೊದಲು ಕಳಚಿಹೋಗುತ್ತದೆ. ಇಂಗ್ಲಿಷಿನಲ್ಲಿ ಏನು ಕೇಳಿದರೂ ಗೋಡೆ ನೋಡುತ್ತಿದ್ದರಂತೆ. ಹಿರಿಯ ನರ್ಸೊಬ್ಬರು ಮಗಳಿಗೆ ಒಂದು ವಾಕ್ಯ ಹೇಳಿಕೊಟ್ಟರು. ಅವಳು ಜೇಬಿನ ಪುಟ್ಟ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲಿ ಬರೆದುಕೊಂಡಳು: 'ಓಯ್ಸ್ ಗನ್ನೊಖ್ ಖೀ ಬೋಯ್ನ್?' ನಿಮಗೆ ನೋವಿದೆಯಾ? ಅದನ್ನು ನೋಡಿಕೊಂಡು, ನಮ್ಮ ಸಾಗರದ ರಾಗದಲ್ಲಿ ಓದಿದಳು. ಅಜ್ಜ ತಲೆ ತಿರುಗಿಸಿ 'ಓಯ್ಸ್' ಅಂದರು. ಸೊಂಟ ಮುಟ್ಟಿ ತೋರಿಸಿದರು. ಎಲ್ಲ ಪ್ರಶ್ನೆಗೂ ಸಲ್ಲುವ 'ಹೌದು' ಎಂಬ ಒಂದೇ ಪದ ವೆಲ್ಷ್‌ನಲ್ಲಿಲ್ಲ. ಇದೆಯಾ ಎಂದರೆ ಇದೆ ಅನ್ನಬೇಕು, ಥೇಟ್ ನಮ್ಮ ಹಾಗೆ.

ಆ ಪುಸ್ತಕ ನೋಡುತ್ತಾ ನಾನು ಒಂದು ತಕರಾರು ತೆಗೆದೆ. ಬೇರೆ ಪುಟದಲ್ಲಿ ನೋವಿಗೆ 'ಪೋಯ್ನ್' ಎಂದು ಬರೆದಿದ್ದೀಯ, ಇಲ್ಲಿ 'ಬೋಯ್ನ್' ಯಾಕೆ? ಅವಳಿಗೂ ಗೊತ್ತಿರಲಿಲ್ಲ. ಮೇಷ್ಟರನ್ನು ಕೇಳಿದೆ. ವೆಲ್ಷ್‌ನಲ್ಲಿ ಕೆಲವು ಪದಗಳಾದ ಮೇಲೆ, ವಾಕ್ಯದ ಕೆಲವು ಜಾಗಗಳಲ್ಲಿ, ಮುಂದಿನ ಪದದ ಮೊದಲ ಅಕ್ಷರ ಮೆತ್ತಗಾಗುತ್ತದಂತೆ. ಪ ಇದ್ದದ್ದು ಬ, ಟ ಇದ್ದದ್ದು ಡ, ಕ ಇದ್ದದ್ದು ಗ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಏಳನೇ ಕ್ಲಾಸಿನಲ್ಲಿ ಬೆತ್ತ ಹಿಡಿದು ಬಾಯಿಪಾಠ ಮಾಡಿಸಿದ್ದಲ್ಲವೇ ಇದು? ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ, ಕಣ್ ಮತ್ತು ಪನಿ ಸೇರಿ ಕಂಬನಿ. ಆದೇಶ ಸಂಧಿ! ಅವರ ಲೆಕ್ಕಾಚಾರ ಬೇರೆ, ನಮ್ಮಂತೆ ಸಮಾಸಕ್ಕಷ್ಟೇ ನಿಲ್ಲುವುದಿಲ್ಲ, ಆದರೆ ಕತಪಗಳು ಗದಬ ಆಗುವುದು ಅದೇ. ಅವರ ನಾಡಿನ ಹೆಸರು ಅವರ ಬಾಯಲ್ಲಿ 'ಕಮ್ರಿ'. ಗಡಿಯ ಬೋರ್ಡಿನಲ್ಲಿ ಸ್ವಾಗತ ಕೋರುವಾಗ 'ಕ್ರೋಯ್ಸೊ ಇ ಗಮ್ರಿ'. ಎರಡು ಭಾಷೆಗೂ ರಕ್ತಸಂಬಂಧ ಇಲ್ಲ, ಅದು ಕೆಲ್ಟಿಕ್, ನಮ್ಮದು ದ್ರಾವಿಡ. ಆದರೂ ಆ ಸಂಜೆ ಮೇಷ್ಟರಿಗೆ ಮಳೆಗಾಲ ಎಂದು ಹತ್ತು ಸಲ ಹೇಳಿಸಿದೆ. ಅವರಿಗೆ ಳ ಬರಲಿಲ್ಲ. ನನಗೆ ಅವರ ಜೋಡಿ 'ಲ್' ಬರಲಿಲ್ಲ, ಅದು ನಾಲಿಗೆಯ ಬದಿಯಿಂದ ಗಾಳಿ ಊದಿದ ಹಾಗೆ. ಊರುಗಳ ಹೆಸರನ್ನು ಇಲ್ಲಿ ನಾನು ಬರೆದಿರುವುದೂ ಅಂದಾಜಿನ ಮೇಲೆಯೇ.

ಇದೇ ಸಂಧಿ ಇನ್ನೊಂದು ಕಡೆ ಕಂಡು ಮನಸ್ಸು ಭಾರವಾಯಿತು. ಗೋಡೆಗಳ ಮೇಲೆ, ಕಾರಿನ ಹಿಂದೆ 'ಕೊವ್ಯುಖ್ ಡ್ರವೆರಿನ್' ಎಂಬ ಎರಡು ಪದ ಅಲ್ಲಲ್ಲಿ ಕಾಣುತ್ತವೆ. ಟ್ರವೆರಿನ್ ಕಣಿವೆಯನ್ನು ನೆನಪಿಡಿ ಎಂದು. ಅಲ್ಲಿ ಕಪೆಲ್ ಕೆಲಿನ್ ಎಂಬ ವೆಲ್ಷ್ ಆಡುವ ಹಳ್ಳಿಯಿತ್ತು. ಇಂಗ್ಲೆಂಡಿನ ಲಿವರ್‌ಪೂಲ್ ನಗರಕ್ಕೆ ನೀರು ಬೇಕೆಂದು, ಆ ಕಣಿವೆಗೆ ಅಣೆಕಟ್ಟು ಕಟ್ಟಲು ಲಂಡನ್ನಿನ ಪಾರ್ಲಿಮೆಂಟು 1957ರಲ್ಲಿ ಕಾಯ್ದೆ ಮಾಡಿತು. ವೇಲ್ಸಿನ 36 ಸಂಸದರಲ್ಲಿ ಒಬ್ಬರೂ ಅದರ ಪರ ಮತ ಹಾಕಲಿಲ್ಲ. 1965ರ ಹೊತ್ತಿಗೆ ಮನೆ, ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ ಎಲ್ಲ ನೀರಿನಡಿ. ಅಬರಿಸ್ಟ್ವಿತ್ ಹತ್ತಿರದ ಗೋಡೆಯೊಂದರ ಮೇಲೆ ಇದನ್ನು ಮೊದಲು ಬರೆದವರು ಅವಸರದಲ್ಲಿ ಸಂಧಿ ಮರೆತು 'ಟ್ರ' ಎಂದೇ ಬರೆದಿದ್ದರಂತೆ, ಆಮೇಲೆ 'ಡ್ರ' ಆಯಿತು. ನಾನು ಹುಟ್ಟಿದ ಊರು ಲಿಂಗನಮಕ್ಕಿಯ ನೀರಿನಡಿ ಇದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ನನಗೆ ಮೂರು ವರ್ಷ. ಅಜ್ಜನ ಟ್ರಂಕಿನಲ್ಲಿ ಆ ಕಾಲದ ಒಂದು ನೋಟಿಸಿತ್ತು. ಅದು ಕನ್ನಡದಲ್ಲೇ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಸದರಿ, ಮಜಕೂರು, ಬಾಬ್ತು, ತತ್ಸಂಬಂಧ. ಅಜ್ಜ ಅದನ್ನು ಓದಿಸಲು ಸಾಗರದ ವಕೀಲರಿಗೆ ಎರಡು ರೂಪಾಯಿ ಕೊಟ್ಟಿದ್ದರು. ನಾನು ಮುಂದೆ ಅದೇ ಇಲಾಖೆ ಸೇರಿ ಅದೇ ಕನ್ನಡ ಬರೆದೆ.

ವೆಲ್ಷ್ ಉಳಿದುಬಿಟ್ಟಿದೆಯೇ ಎಂಬ ಪ್ರಶ್ನೆಗೆ ಅಲ್ಲಿನವರು ಯಾರೂ ಹೌದು ಎನ್ನುವುದಿಲ್ಲ. 1911ರ ಜನಗಣತಿಯಲ್ಲಿ ಆ ಭಾಷೆ ಆಡುವವರು ಸುಮಾರು 9.77 ಲಕ್ಷ, ಜನಸಂಖ್ಯೆಯ ಶೇ 43ಕ್ಕೂ ಮೇಲೆ. 2011ರಲ್ಲಿ 5.62 ಲಕ್ಷ. 2021ರಲ್ಲಿ 5.38 ಲಕ್ಷ, ಶೇ 17.8. ಅಧಿಕೃತ ಸ್ಥಾನದ ಕಾನೂನು ಬಂದ ಹತ್ತು ವರ್ಷದಲ್ಲೇ ಇಳಿದಿದೆ, ಓದುಗ ಮಿತ್ರರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. 2050ಕ್ಕೆ ಹತ್ತು ಲಕ್ಷ ಮುಟ್ಟಿಸುವ ಗುರಿ ಇಟ್ಟುಕೊಂಡಿದ್ದಾರೆ. ಗ್ವಿನೆದ್‌ನಲ್ಲೇ ಈಗಲೂ ನೂರಕ್ಕೆ 64 ಜನ ವೆಲ್ಷ್ ಬಲ್ಲವರು, ಆದರೆ ಅಲ್ಲಿನ ಕಡಲತೀರದ ಮನೆಗಳನ್ನು ರಜೆಗೆ ಬರುವ ದುಡ್ಡಿನವರು ಕೊಂಡುಕೊಂಡು ಊರ ಹುಡುಗರು ಬೇರೆ ಕಡೆ ಹೋಗುತ್ತಿದ್ದಾರೆ. ತೆರಿಗೆ ಚೀಟಿ ಯಾವ ಭಾಷೆಯಲ್ಲಿದ್ದರೇನು, ಮನೆಯಲ್ಲಿ ಓದುವವನೇ ಇಲ್ಲದಿದ್ದರೆ? ಕೌನ್ಸಿಲ್ಲು ಅಂಥ ಎರಡನೇ ಮನೆಗಳ ಮೇಲೆ ಹೆಚ್ಚುವರಿ ತೆರಿಗೆ ಹಾಕಿದೆ. ಅದು ಬೇರೆಯೇ ಪತ್ರಕ್ಕೆ ವಿಷಯ.

ಕಚೇರಿಯ ಅನುವಾದ ಎಷ್ಟು ಎಡವಬಹುದು ಎಂಬುದಕ್ಕೂ ಅವರಲ್ಲಿ ನಮ್ಮನ್ನು ಮೀರಿಸಿದ ಉದಾಹರಣೆ ಇದೆ. 2008ರಲ್ಲಿ ಸ್ವಾನ್ಸೀಯ ಒಂದು ರಸ್ತೆಗೆ, ಭಾರಿ ವಾಹನಗಳಿಗೆ ಪ್ರವೇಶವಿಲ್ಲ ಎಂಬ ಬೋರ್ಡು ಬೇಕಿತ್ತು. ಅನುವಾದಕ್ಕೆ ಇಮೇಲ್ ಕಳಿಸಿದರು, ತಕ್ಷಣ ವೆಲ್ಷ್‌ನಲ್ಲಿ ಉತ್ತರ ಬಂತು, ಬರೆಸಿ ನಿಲ್ಲಿಸಿದರು. ಬೋರ್ಡಿನ ಕೆಳಭಾಗದ ವೆಲ್ಷ್ ಓದಿದವರು ನಕ್ಕು ಸುಸ್ತಾದರು: 'ನಾನು ಸದ್ಯ ಕಚೇರಿಯಲ್ಲಿಲ್ಲ. ಅನುವಾದಿಸಬೇಕಾದ ಕೆಲಸವಿದ್ದರೆ ಕಳಿಸಿ.' ಕಂಪ್ಯೂಟರ್ ತಾನಾಗಿ ಕಳಿಸಿದ ಉತ್ತರ ಅದು. ಬೋರ್ಡು ನಿಲ್ಲಿಸುವವರೆಗೂ ಅದನ್ನು ಓದಬಲ್ಲ ಒಬ್ಬರ ಕೈಗೂ ಅದು ಹೋಗಿರಲಿಲ್ಲ. ಮೇಷ್ಟರು ಇದನ್ನು ಹೇಳುವಾಗ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು, ಆಮೇಲೆ ಸುಮ್ಮನಾದರು.

ಊರಿಗೆ ಬಂದ ಮೇಲೆ ಪಹಣಿಗೆಂದು ಒಂದು ಸೇವಾ ಕೇಂದ್ರಕ್ಕೆ ಹೋಗಿದ್ದೆ. ಪಹಣಿ ಕನ್ನಡದಲ್ಲೇ ಬಂತು, ದುಡ್ಡು ಕಟ್ಟಿದ ರಸೀದಿ ಇಂಗ್ಲಿಷಿನಲ್ಲಿ. ಕನ್ನಡದ್ದು ಇಲ್ಲವೇನಪ್ಪ ಎಂದೆ. ಹುಡುಗ ತಲೆ ಎತ್ತದೆ ಹೇಳಿದ: 'ಇದೆ, ಯಾರೂ ಕೇಳಲ್ಲ ಸಾರ್.' ಬೈಯಲು ನನಗೆ ಬಾಯಿ ಬರಲಿಲ್ಲ. ಕನ್ನಡವೇ ಮೊದಲು ಬರುವ ಹಾಗೆ ಮೆಷಿನ್ನಿನಲ್ಲಿ ಇಟ್ಟುಬಿಡು, ಇಂಗ್ಲಿಷ್ ಬೇಕಾದವರು ಕೇಳಲಿ ಎಂದೆ. ಅದು ನನ್ನ ಕೈಲಿಲ್ಲ, ಮೇಲಿನವರಿಗೆ ಬರೆಯಿರಿ ಎಂದ. ಅವರಿಗೆ ಬೇರೆಯೇ ಬರೆದಿದ್ದೇನೆ, ಇದರ ಒಂದು ಪ್ರತಿ ಅದಕ್ಕೆ ಲಗತ್ತಿಸಿದ್ದೇನೆ.

ಮಗಳ ಜೇಬಿನ ಪುಸ್ತಕದಲ್ಲಿ ಈಗ ನಲವತ್ತೊಂದು ವಾಕ್ಯ ಆಗಿವೆಯಂತೆ. ಹೊಸದು ಯಾವುದು ಎಂದು ಮೊನ್ನೆ ಫೋನಿನಲ್ಲಿ ಕೇಳಿದೆ. 'ನಿಮ್ಮ ಹಲ್ಲಿನ ಸೆಟ್ಟು ಎಲ್ಲಿಟ್ಟಿದ್ದೀರಿ?' ಎಂಬುದು. ರಾತ್ರಿ ಪಾಳಿಯಲ್ಲಿ ಇದಕ್ಕಿಂತ ಉಪಯೋಗದ ವಾಕ್ಯ ಇನ್ನೊಂದಿಲ್ಲ ಅಂದಳು. ಹಲ್ಲುಗಳಿಗೆ ಅವರು 'ದಾನೆದ್' ಅನ್ನುತ್ತಾರೆ. ಒಂದೇ ಇದ್ದರೆ 'ದಾಂಟ್'. ಸಂಸ್ಕೃತದ ದಂತಕ್ಕೂ ಅದಕ್ಕೂ ಮೂಲ ಒಂದೇ. ನನ್ನ ಸಂಧಿಯ ಹೋಲಿಕೆ ಕಾಕತಾಳೀಯ, ಇದು ಹಾಗಲ್ಲ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿರಸ್ತೇದಾರ, ಸಾಗರ